ಜೊತೆಗಾರನೂ ಹೊಸ ನುಡಿಯೂ

ಓದುಗರು ಒಂದು ಗಳಿಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬೇಕು. ಬಿಳಿಯ ಅಂಗಿ, ಕೊರಳಪಟ್ಟಿ, ಎದೆಯ ಮೇಲೆ ಕರಿಯ ಬಿಲ್ಲೆ. ಬಿಲ್ಲೆಯಲ್ಲಿ ಅವನ ಮನೆತನದ ಹೆಸರು, ಆ ಹೆಸರಿಗೆ ಮುನ್ನ ‘ಎಲ್ಡರ್’ ಎಂಬ ಪದವಿ. ಎಲ್ಡರ್ ಎಂದರೆ ಹಿರಿಯ. ಮೀಸೆ ಇನ್ನೂ ಸರಿಯಾಗಿ ಮೂಡದ ಈ ಹಿರಿಯನು ಅಮೆರಿಕದ ಯೂಟಾ ಸಂಸ್ಥಾನದ ಸಣ್ಣ ಊರೊಂದರಿಂದ ಹೊರಟು, ದಕ್ಷಿಣ ಅಮೆರಿಕದ ಪಡುಗಡಲ ದಂಡೆಯ ಚಿಲಿ ದೇಶದಲ್ಲಿ, ವಾಲ್ಪರೈಸೊ ಎಂಬ ರೇವುಪಟ್ಟಣದಲ್ಲಿ ಬಂದಿಳಿದಿದ್ದಾನೆ. ಕಡಲಂಚಿನಿಂದ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿ ಕುಳಿತ ಊರು ಅದು. ಏರಲಾರದವರನ್ನು ಮೇಲಕ್ಕೆಳೆಯಲು ಹಳಿಯ ಮೇಲೋಡುವ ಪೆಟ್ಟಿಗೆಗಾಡಿಗಳು 1883ರಿಂದಲೂ ಅಲ್ಲಿ ಉಂಟು. ಹುಡುಗನ ಕೈಯಲ್ಲಿ ಎರಡು ಪೆಟ್ಟಿಗೆಗಳಿವೆ. ತಲೆಯಲ್ಲಿ ಆರು ವಾರದ ಸ್ಪ್ಯಾನಿಷ್ ಇದೆ. ಎದುರಿಗೆ, ಅವನನ್ನು ಕರೆದೊಯ್ಯಲು ಬಂದು ನಿಂತಿರುವವನು ಪೆರು ದೇಶದ ಇಪ್ಪತ್ತೊಂದರ ತರುಣ. ಇನ್ನು ಮುಂದೆ ಹಗಲಿರುಳೂ ಇವನೇ ಅವನ ಜೊತೆಗಾರ.

ಈ ಇಬ್ಬರೂ ನನ್ನ ಕಲ್ಪನೆಯವರು; ಆದರೆ ಇಂಥ ಜೋಡಿಗಳು ನಿಜವಾಗಿಯೂ ಸಾವಿರಗಟ್ಟಲೆ ಇವೆ. ಇವರು ಮಾರ್ಮನ್ ಪಂಥದವರು. ತಮ್ಮನ್ನು ಅವರು ಕರೆದುಕೊಳ್ಳುವುದು ‘ಕಡೆಯ ದಿನಗಳ ಸಂತರ ಯೇಸುಕ್ರಿಸ್ತನ ಸಭೆ’ ಎಂದು; ಇದು ನಾಲಗೆಗೆ ಉದ್ದವಾದುದರಿಂದ ಲೋಕವು ಚಿಕ್ಕ ಹೆಸರನ್ನೇ ಹಿಡಿದಿದೆ. 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದ ಈ ಸಭೆಯ ತರುಣರು ಎರಡು ವರ್ಷ ಮತಪ್ರಚಾರಕ್ಕಾಗಿ ಮನೆ ಬಿಟ್ಟು ಹೋಗುವುದು ವಾಡಿಕೆ. ಹತ್ತೊಂಬತ್ತಿದ್ದ ವಯಸ್ಸಿನ ಮಿತಿಯನ್ನು 2012ರಲ್ಲಿ ಹದಿನೆಂಟಕ್ಕೆ ಇಳಿಸಿದರು. 2024ರ ಕೊನೆಗೆ ಲೋಕದಾದ್ಯಂತ ಇಂಥವರು 70 ಸಾವಿರಕ್ಕೂ ಮೇಲ್ಪಟ್ಟು ಇದ್ದರು. ಸಂಬಳವಿಲ್ಲ, ಖರ್ಚನ್ನು ಅವರೂ ಅವರ ಮನೆಯವರೂ ಭರಿಸಬೇಕು. ಯಾವ ದೇಶ, ಯಾವ ಭಾಷೆ ಎಂಬುದನ್ನು ಆರಿಸಿಕೊಳ್ಳುವ ಹಕ್ಕು ಅವರದಲ್ಲ. ಜೊತೆಗಾರನನ್ನಂತೂ ಅಲ್ಲವೇ ಅಲ್ಲ.

ಒಬ್ಬರ ನಂಬಿಕೆಯನ್ನು ಮತ್ತೊಬ್ಬರ ಬಾಗಿಲಿಗೆ ಹೊತ್ತೊಯ್ಯುವುದು ಸರಿಯೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ನನ್ನ ಮನಸ್ಸಿನಲ್ಲಿಯೂ ಅದು ಉಂಟು. ಆದರೆ ಅದನ್ನು ಹಿಡಿದು ಹೊರಟರೆ ಹುಡುಗನು ಕಣ್ಮರೆಯಾಗಿ ವಾದವೊಂದೇ ಉಳಿದೀತು. ನನಗೆ ಬೇಕಾದುದು ಹುಡುಗ.

ಯೇಸುವು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಮಾರ್ಮನ್ನರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಬೇಕು, ಒಟ್ಟಿಗೆ ಏಳಬೇಕು, ಒಟ್ಟಿಗೆ ಓದಬೇಕು, ಒಟ್ಟಿಗೆ ಬೀದಿಗಿಳಿಯಬೇಕು. ಸ್ನಾನದ ಹೊತ್ತನ್ನುಳಿದು ಒಬ್ಬನು ಮತ್ತೊಬ್ಬನ ಕಣ್ಣಿಗೂ ಕಿವಿಗೂ ದೂರವಾಗಕೂಡದು. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಅಪರಿಚಿತನೊಡನೆ ಕೋಣೆ ಹಂಚಿಕೊಂಡವರಿಗೆ ಇದರ ಕಷ್ಟ ತಕ್ಕಮಟ್ಟಿಗೆ ಗೊತ್ತು. ಆದರೆ ನಿಲಯದಲ್ಲಿ ಬಾಗಿಲು ತೆರೆದು ಹೊರಟುಹೋಗುವ ದಾರಿಯಾದರೂ ಇರುತ್ತದೆ. ಇಲ್ಲಿ ಬಾಗಿಲು ತೆರೆದರೆ ಜೊತೆಗಾರನೂ ಟೋಪಿ ಹಾಕಿಕೊಂಡು ಹೊರಡುತ್ತಾನೆ! ಮನೆಯವರ ದನಿ ಕೇಳುವುದು ವಾರಕ್ಕೊಮ್ಮೆ. 2019ರ ವರೆಗೆ ಅದೂ ಇರಲಿಲ್ಲ. ವರ್ಷಕ್ಕೆರಡು ಸಲ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ.

ಭಾಷೆಯ ಕತೆ ಇನ್ನೊಂದು. 1961ರಲ್ಲಿ, ಮೆಕ್ಸಿಕೊ, ಅರ್ಜೆಂಟೀನಗಳ ಪರವಾನಿಗೆಗಾಗಿ ಕಾದು ಕುಳಿತ ತರುಣರು ದಿನ ಕಳೆಯುವ ಬದಲು ಸ್ಪ್ಯಾನಿಷ್ ಕಲಿಯಲೆಂದು ಯೂಟಾದ ಪ್ರೊವೊ ಪಟ್ಟಣದಲ್ಲಿ ಒಂದು ಭಾಷಾಶಾಲೆ ಆರಂಭವಾಯಿತು. ಅದೇ ಈಗ ಹತ್ತಾರು ಭಾಷೆಗಳ ದೊಡ್ಡ ವಿದ್ಯಾಲಯ. ಆರು ವಾರದಲ್ಲಿ ಅಲ್ಲಿ ಪ್ರಾರ್ಥನೆ ಮಾಡಲು ಕಲಿಸುತ್ತಾರೆ, ನಂಬಿಕೆಯನ್ನು ಹೇಳಿಕೊಳ್ಳಲು ಕಲಿಸುತ್ತಾರೆ. ಆದರೆ ವಾಲ್ಪರೈಸೊದ ಬಸ್ಸಿನಲ್ಲಿ ಹುಡುಗನ ಕಿವಿಗೆ ಬಿದ್ದ ಭಾಷೆ ಆ ಶಾಲೆಯದಲ್ಲ. ಚಿಲಿಯವರು ಮಾತಿನ ಕೊನೆಯ ಸಕಾರವನ್ನು ನುಂಗುತ್ತಾರೆ. ವಾಕ್ಯದ ಬಾಲಕ್ಕೆ ‘ಪೊ’ ಎಂದು ಸೇರಿಸುತ್ತಾರೆ. ‘ತಿಳಿಯಿತೆ’ ಎನ್ನಲು ‘ಕಚಾಯ್’ ಎನ್ನುತ್ತಾರೆ. ಎಳೆಗೂಸಿಗೆ ಅವರಲ್ಲಿ ‘ಗ್ವಾಗ್ವಾ’ ಎಂದು ಹೆಸರು. ಅದು ಆಂಡೀಸ್ ಬೆಟ್ಟಗಳ ಮೂಲನಿವಾಸಿಗಳ ನುಡಿಯಿಂದ ಬಂದ ಮಾತು. ಹುಡುಗನಿಗೆ ಅನ್ನಿಸಿದ್ದು ಒಂದೇ: ತನಗೆ ಕಲಿಸಿದ್ದು ಬೇರೆ ಯಾವುದೋ ದೇಶದ ಭಾಷೆ.

ಇಲ್ಲಿ ಒಂದು ಸಂಗತಿಯನ್ನು ಕನ್ನಡ ಓದುಗರ ಕಿವಿಯಲ್ಲಿ ಹೇಳಬೇಕು. ಇಂಗ್ಲಿಷಿನ ಹುಡುಗನು ಮುಗ್ಗರಿಸುವ ಕಡೆಗಳಲ್ಲಿ ನಾವು ಎಷ್ಟೋ ಸಲ ಮುಗ್ಗರಿಸುವುದಿಲ್ಲ. ‘ನಾನು ರೊಟ್ಟಿಯನ್ನು ಇಷ್ಟಪಡುತ್ತೇನೆ’ ಎಂಬುದು ಅವನ ಭಾಷೆಯ ಜಾಡು. ಸ್ಪ್ಯಾನಿಷ್ ಹಾಗೆನ್ನುವುದಿಲ್ಲ. ‘ಮೆ ಗುಸ್ತಾ ಎಲ್ ಪಾನ್’ ಎನ್ನುತ್ತದೆ. ನನಗೆ ರೊಟ್ಟಿ ಹಿಡಿಸುತ್ತದೆ. ರೊಟ್ಟಿ ಒಂದಾದರೆ ಹಿಡಿಸುತ್ತದೆ, ಹಲವಾದರೆ ಹಿಡಿಸುತ್ತವೆ. ನಮ್ಮ ಅಡಿಗೆಮನೆಯ ವ್ಯಾಕರಣವೇ ಅಲ್ಲವೆ? ಈ ಚತುರ್ಥಿ ವಿಭಕ್ತಿಯನ್ನು ಅರಗಿಸಿಕೊಳ್ಳಲು ಯೂಟಾದ ಹುಡುಗನಿಗೆ ತಿಂಗಳುಗಳು ಬೇಕು. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಎರಡು ಬಗೆಯ ರಕಾರ. ಹಳಗನ್ನಡದ ಶಕಟರೇಫವನ್ನು ಕಳೆದುಕೊಂಡ ನಾವು ಅದಕ್ಕಾಗಿ ಅವನನ್ನು ನಗುವಂತಿಲ್ಲ.

ಇದೇ ಊರಿಗೆ ಇದೇ ಕೆಲಸಕ್ಕಾಗಿ ಬಂದು ಸೋತವರೊಬ್ಬರಿದ್ದಾರೆ. ಅವರ ಮಾತು ಇಲ್ಲಿ ಬರಲೇಬೇಕು. ಪಾರ್ಲಿ ಪ್ರ್ಯಾಟ್ ಮಾರ್ಮನ್ನರ ಮೊದಲ ತಲೆಮಾರಿನ ದೊಡ್ಡ ಬರಹಗಾರ, ಅಪೊಸ್ತಲ. 1851ರ ಸೆಪ್ಟೆಂಬರಿನಲ್ಲಿ, ತುಂಬು ಗರ್ಭಿಣಿಯಾಗಲಿದ್ದ ಹೆಂಡತಿ ಫೀಬಿಯನ್ನೂ ರೂಫಸ್ ಆಲನ್ ಎಂಬ ತರುಣ ಜೊತೆಗಾರನನ್ನೂ ಕರೆದುಕೊಂಡು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹಡಗು ಹತ್ತಿದ. ಎರಡು ತಿಂಗಳ ಪಯಣದುದ್ದಕ್ಕೂ ಪುಸ್ತಕ ಹಿಡಿದು ಸ್ಪ್ಯಾನಿಷ್ ಕಲಿತ. ನವೆಂಬರಿನಲ್ಲಿ ವಾಲ್ಪರೈಸೊ ಮುಟ್ಟಿದ. ಆ ತಿಂಗಳ ಕೊನೆಗೆ ಗಂಡುಮಗು ಹುಟ್ಟಿತು; ಜನವರಿಯಲ್ಲಿ ಅದು ತೀರಿಕೊಂಡಿತು. ಮಗುವನ್ನು ಆ ಮಣ್ಣಿನಲ್ಲಿಯೇ ಹೂಳಿದರು. ದೇಶದಲ್ಲಿ ದಂಗೆ ಎದ್ದಿತ್ತು. ರಾಜ್ಯದ ಧರ್ಮವೆಂದರೆ ಕ್ಯಾಥೊಲಿಕ್ ಧರ್ಮ ಒಂದೇ. ಕೈಗೆ ಕೊಡಲು ಸ್ಪ್ಯಾನಿಷಿನಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಂಗ್ಲಿಷಿನಲ್ಲಿ ಪ್ರವಾಹದಂತೆ ಹರಿಯುತ್ತಿದ್ದ ಅವನ ಮಾತು ಸ್ಪ್ಯಾನಿಷಿನಲ್ಲಿ ತೊಟ್ಟಿಕ್ಕುವುದೂ ಕಷ್ಟವಾಗಿತ್ತು. 1852ರ ಮಾರ್ಚಿನಲ್ಲಿ, ಒಬ್ಬನಿಗೂ ದೀಕ್ಷೆ ಕೊಡದೆ, ಮೂವರೂ ಹಿಂದಿರುಗಿದರು.

ಪ್ರ್ಯಾಟನ ಜೊತೆಗಾರನಿಗೂ ಸ್ಪ್ಯಾನಿಷ್ ಬರುತ್ತಿರಲಿಲ್ಲ. ನನಗೆ ಇದು ಮುಖ್ಯವೆಂದು ತೋರುತ್ತದೆ. ಹಡಗಿನಲ್ಲಿ ಇಬ್ಬರು ಕುರುಡರು ಒಬ್ಬರ ಕೈಯನ್ನೊಬ್ಬರು ಹಿಡಿದಿದ್ದರು.

ಇದಕ್ಕೆ ಎದುರಾದ ಜೋಡಿಯೊಂದುಂಟು. ಡೇನಿಯಲ್ ಜೋನ್ಸ್ ಎಂಬಾತ 1847ರಲ್ಲಿ ಸಿಪಾಯಿಯಾಗಿ ಮೆಕ್ಸಿಕೊ ಯುದ್ಧಕ್ಕೆ ಹೋಗಿ, ಅಲ್ಲಿಯೇ ಕೆಲಕಾಲ ನಿಂತು, ಜನರ ನಡುವೆ ಸ್ಪ್ಯಾನಿಷ್ ಕಲಿತವನು, ವ್ಯಾಕರಣವಿಲ್ಲ, ಬಾಯಿಮಾತು. ಮೆಲಿತೊನ್ ತ್ರೆಹೊ ಸ್ಪೇನಿನಲ್ಲಿ ಹುಟ್ಟಿ, ಫಿಲಿಪೀನ್ಸಿನಲ್ಲಿ ಸೇನಾಧಿಕಾರಿಯಾಗಿದ್ದು, 1874ರಲ್ಲಿ ಯೂಟಾಕ್ಕೆ ಬಂದವನು. ಅವನಲ್ಲಿ ಸ್ಪ್ಯಾನಿಷ್ ಪೂರ್ಣ, ಇಂಗ್ಲಿಷ್ ಅರೆ. ಇಬ್ಬರೂ ಸೇರಿ ಮಾರ್ಮನ್ ಗ್ರಂಥದ ಆಯ್ದ ಭಾಗಗಳನ್ನು 1875ರಲ್ಲಿ ಸ್ಪ್ಯಾನಿಷಿನಲ್ಲಿ ಅಚ್ಚು ಹಾಕಿಸಿದರು. ಕರಡಚ್ಚನ್ನು ತಿದ್ದುವಾಗ ತನ್ನ ಹಣೆಯೊಳಗಿಂದ ನುಣುಪಾದ ಎಳೆಯೊಂದು ಹೊರಕ್ಕೆ ಎಳೆಯುತ್ತಿದ್ದಂತೆಯೂ, ತಪ್ಪು ಬಂದೆಡೆ ಆ ಎಳೆಯಲ್ಲಿ ಗಂಟು ಸಿಕ್ಕಂತೆಯೂ ಅನುಭವವಾಗುತ್ತಿತ್ತೆಂದು ಜೋನ್ಸ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನಿಗೆ ಅದು ದೈವಸಹಾಯ. ಪರಭಾಷೆಯನ್ನು ಕಿವಿಯಿಂದ ಕಲಿತ ಯಾರಿಗಾದರೂ ಆ ಗಂಟು ಗೊತ್ತು: ನಿಯಮ ಹೇಳಲು ಬಾರದು, ತಪ್ಪೆಂದು ಮಾತ್ರ ತಿಳಿಯುತ್ತದೆ.

ನಮ್ಮ ಹುಡುಗನಿಗೆ ಗಂಟೂ ಇಲ್ಲ, ಎಳೆಯೂ ಇಲ್ಲ. ಬಾಗಿಲು ತಟ್ಟಿದರೆ ಮಾತಾಡುವವನು ಪೆರುವಿನವನೇ. ಹುಡುಗನು ಪಕ್ಕದಲ್ಲಿ ನಿಂತು ನಗುತ್ತಾನೆ. ಮುಖ ನೋಯುವವರೆಗೆ ನಗುತ್ತಾನೆ. ಶಾಲೆಯಲ್ಲಿ ಚುರುಕು ಎನ್ನಿಸಿಕೊಂಡವನು, ತಮಾಷೆಗಾರನೆಂದು ಗೆಳೆಯರಲ್ಲಿ ಹೆಸರಾದವನು, ಇಲ್ಲಿ ಮೂರು ವರ್ಷದ ಮಗುವಿನಷ್ಟು ಮಾತಿನ ಪೆದ್ದ. ತನ್ನ ಹಾಸ್ಯವನ್ನು ಕಳೆದುಕೊಂಡವನಿಗೆ ತಾನು ಯಾರೆಂಬುದೇ ಮರೆಯುತ್ತದೆ. ಜೊತೆಗಾರನಾದರೋ ಮಿತಭಾಷಿ. ರಾತ್ರಿ ಅಂಗಿ ಒಗೆದು ಹರಡಿ, ದೀಪದಡಿ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತೆರೆದು ತುಟಿಯಾಡಿಸುತ್ತಾನೆ. ಅವನ ಕಷ್ಟ ಹುಡುಗನಿಗೆ ತಿಳಿಯದು. ಪೆರುವಿನವನಿಗೆ ಚಿಲಿಯು ಪರದೇಶ ಮಾತ್ರವಲ್ಲ. 1879ರಿಂದ 1883ರ ವರೆಗೆ ನಡೆದ ಯುದ್ಧದಲ್ಲಿ ಅವನ ರಾಜಧಾನಿ ಲಿಮಾವನ್ನು ಹಿಡಿದು ಕುಳಿತ ದೇಶ. ಅವನ ಉಚ್ಚಾರ ಕೇಳಿ ಮುಖ ತಿರುಗಿಸುವವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಹುಡುಗನಿಗೆ ಎಲ್ಲ ಸ್ಪ್ಯಾನಿಷೂ ಒಂದೇ ಗದ್ದಲ. ಆ ಅಪಮಾನ ಅವನ ಕಿವಿಗೆ ಬೀಳುವುದೇ ಇಲ್ಲ.

ನಾಲ್ಕನೆಯ ವಾರದಲ್ಲಿ ಜಗಳವಾಯಿತು. ಪರಭಾಷೆಯಲ್ಲಿ ಜಗಳವಾಡಲು ಕ್ರಿಯಾಪದಗಳು ಬೇಕು. ಹುಡುಗನು ಮೆಟ್ಟಿಲ ಮೇಲೆ ನಿಂತು, ಕೆಂಪೇರಿದ ಮುಖದಿಂದ, ‘ನೀನು ನನಗೆ ಮಾತಾಡಲು ಬಿಡುವುದಿಲ್ಲ’ ಎಂದ. ವಾಕ್ಯದಲ್ಲಿ ತಪ್ಪಿರಲಿಲ್ಲ. ಇಬ್ಬರೂ ಅದನ್ನು ಗಮನಿಸಿದರು. ಆದರೆ ಇನ್ನೊಂದು ಸಂಗತಿ ನಡೆದಿತ್ತು. ಅನೇಕ ಕಡೆ ಈ ಪ್ರಚಾರಕರು ತಮ್ಮತಮ್ಮಲ್ಲಿಯೂ ‘ಉಸ್ತೆದ್’ ಎಂದು, ಅಂದರೆ ‘ನೀವು’ ಎಂದು, ಬಹುವಚನದ ಮರ್ಯಾದೆಯಿಂದಲೇ ಮಾತಾಡುವುದುಂಟು. ಸಿಟ್ಟಿನಲ್ಲಿ ಹುಡುಗನು ‘ತೂ’ ಎಂದುಬಿಟ್ಟಿದ್ದ, ನೀನು.

ಈ ‘ನೀನು’ ‘ನೀವು’ಗಳ ಭೇದ ಇಂಗ್ಲಿಷ್ ಮಾತಾಡುವವರಿಗೆ ದೊಡ್ಡ ಒಗಟು. ಅವರ ಆಡುಮಾತಿನಲ್ಲಿ ಈಗ ಒಂದೇ ಸರ್ವನಾಮ. ಹಳೆಯ ಏಕವಚನವನ್ನು ಮಾರ್ಮನ್ನರು ಪ್ರಾರ್ಥನೆಗೆಂದು ಕಾದಿಟ್ಟುಕೊಂಡಿದ್ದಾರೆ. ದೇವರ ಮುಂದೆ ಮಾತ್ರ ಆಡುವ, ಅತಿ ಗೌರವದ ನುಡಿಯೆಂದು ಮಕ್ಕಳಿಗೆ ಕಲಿಸುತ್ತಾರೆ. ಹುಡುಗನು ಸ್ಪ್ಯಾನಿಷಿಗೆ ಬಂದಾಗ ಲೋಕ ತಲೆಕೆಳಗಾಯಿತು. ಬೀದಿಯಲ್ಲಿ ಸಿಕ್ಕ ಅಪರಿಚಿತನಿಗೆ ಉಸ್ತೆದ್, ಅಂಗಡಿಯ ಅಜ್ಜಿಗೆ ಉಸ್ತೆದ್, ದೇವರಿಗೆ ತೂ. ತಮ್ಮನಿಗೂ ನಾಯಿಗೂ ಸಲ್ಲುವ ಮಾತು ದೇವರಿಗೆ! ಮೊದಮೊದಲು ಅವನು ಪ್ರಾರ್ಥನೆಯಲ್ಲಿ ನಾಲಗೆ ಕಚ್ಚಿಕೊಳ್ಳುತ್ತಿದ್ದನಾದರೆ ಆಶ್ಚರ್ಯವಿಲ್ಲ. ವಚನಕಾರರೂ ಹರಿದಾಸರೂ ದೇವರನ್ನು ಏಕವಚನದಲ್ಲಿ ಕರೆದು, ಗದರಿ, ಮುನಿದು, ನಮಗೆ ರೂಢಿ ಮಾಡಿಸಿದ್ದಾರೆ, ನಮಗಿದು ಹೊಸತಲ್ಲ. ಆದರೆ ದೂರದ ದೇವರನ್ನಷ್ಟೇ ಬಲ್ಲ ಹುಡುಗನಿಗೆ ವ್ಯಾಕರಣದ ಒಂದು ಸೂತ್ರವೇ ಪ್ರಾರ್ಥನೆಯನ್ನು ಬದಲಾಯಿಸಬಲ್ಲದು. ಆರು ವಾರದ ಶಾಲೆಯಲ್ಲಿ ಇದು ಸೂತ್ರವಾಗಿತ್ತು. ಮೆಟ್ಟಿಲ ಮೇಲಿನ ಸಿಟ್ಟಿನಲ್ಲಿ ಅದಕ್ಕೆ ಉಸಿರು ಬಂತು.

ಮರುದಿನ ಪೆರುವಿನವನು ಬಾಗಿಲು ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತ. ಬಾಗಿಲು ತೆರೆದ ಮುದುಕಿಯ ಮುಂದೆ ಹುಡುಗನೊಬ್ಬನೇ. ದೇವರು ನಮ್ಮ ಪಾಪಗಳನ್ನು ಕ್ಷಮಿಸುತ್ತಾನೆ ಎನ್ನಬೇಕಾಗಿತ್ತು. ಪಾಪಕ್ಕೆ ‘ಪೆಕಾದೊ’, ಮೀನಿಗೆ ‘ಪೆಸ್ಕಾದೊ’. ರೇವುಪಟ್ಟಣದ ಮುದುಕಿ, ತನ್ನ ಮೀನುಗಳನ್ನು ದೇವರು ಕ್ಷಮಿಸುವನೆಂದು ಕೇಳಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಪೆರುವಿನವನೂ ನಕ್ಕ; ನಾಲ್ಕು ವಾರದಲ್ಲಿ ಮೊದಲ ಬಾರಿ. ಅವಳು ಅವರನ್ನು ‘ಓನ್ಸೆ’ಗೆ ಬರಹೇಳಿದಳು. ಓನ್ಸೆ ಎಂದರೆ ಹನ್ನೊಂದು. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂದು ಹುಡುಗ ಬರೆದುಕೊಳ್ಳಹೊರಟಾಗ ಜೊತೆಗಾರ ಅವನ ಕೈ ಹಿಡಿದ. ಚಿಲಿಯಲ್ಲಿ ಸಂಜೆಯ ಉಪಾಹಾರಕ್ಕೆ ಆ ಹೆಸರು.

ಸಂಜೆ ಮೇಜಿನ ಮೇಲೆ ರೊಟ್ಟಿ, ಅರೆದ ಬೆಣ್ಣೆಹಣ್ಣು, ಬಿಸಿ ಚಹ. ಚಹ, ಕಾಫಿಗಳು ಮಾರ್ಮನ್ನರಿಗೆ ನಿಷಿದ್ಧ. ಬಟ್ಟಲು ತುಂಬಿಸಿ ಮುಂದಿಟ್ಟ ಹೆಂಗಸಿಗೆ ಬೇಡವೆನ್ನುವುದು ಯಾವ ಭಾಷೆಯಲ್ಲಿಯೂ ಸುಲಭವಲ್ಲ. ನಮ್ಮ ಮನೆಗಳಲ್ಲಿ ಕಾಫಿ ಬೇಡವೆಂದವನು ಪಡುವ ಪಾಡನ್ನು ನೆನೆದರೆ ಸಾಕು. ಹುಡುಗನು ಜೊತೆಗಾರನತ್ತ ನೋಡಲಿಲ್ಲ. ರೊಟ್ಟಿಯನ್ನೆತ್ತಿ ತೋರಿಸಿ, ‘ಇದು ನನಗೆ ಬಹಳ ಹಿಡಿಸುತ್ತದೆ, ನೀರು ಇದ್ದರೆ ಸಾಕು’ ಎಂದ. ಚತುರ್ಥಿ ಸರಿಯಾಗಿಯೇ ಬಂದಿತ್ತು. ಮುದುಕಿಯು ಪೆರುವಿನವನ ಊರು ಕೇಳಿದಳು. ಕೇಳಿ ಒಂದು ಕ್ಷಣ ಸುಮ್ಮನಾದಳು. ಆ ಮೌನ ಈ ಸಲ ಹುಡುಗನ ಕಿವಿಗೂ ಬಿತ್ತು. ಅವನು ರೊಟ್ಟಿಯ ತಟ್ಟೆಯನ್ನು ಜೊತೆಗಾರನ ಕಡೆಗೆ ಸರಿಸಿದ.

ಈ ಸಭೆಯಲ್ಲಿ ಸುಮಾರು ಆರು ವಾರಕ್ಕೊಮ್ಮೆ ಬದಲಾವಣೆಗಳು ನಡೆಯುತ್ತವೆ. ಹೊಸಬನ ಮೊದಲ ಜೊತೆಗಾರನು ಸಾಮಾನ್ಯವಾಗಿ ಇಂಥ ಎರಡು ಸರದಿ ನಿಲ್ಲುತ್ತಾನೆ. ಸಲಿಗೆಯಲ್ಲಿ ಅವನನ್ನು ‘ತಂದೆ’ ಎನ್ನುತ್ತಾರೆ. ಹನ್ನೆರಡು ವಾರ ಕಳೆದ ಮೇಲೆ ಪೆರುವಿನವನಿಗೆ ಬೇರೆ ಊರಿನ ಕರೆ ಬಂತು. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಏರಿಸಿ, ತನ್ನ ಹಳೆಯ ಇಂಗ್ಲಿಷ್ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು, ಇಂಗ್ಲಿಷಿನಲ್ಲಿ ಏನೋ ಹೇಳಿದ. ಕ್ರಿಯಾಪದ ತಪ್ಪಿತ್ತು. ಹುಡುಗನು ತಿದ್ದಲಿಲ್ಲ.

ಅದೇ ನಿಲ್ದಾಣದಲ್ಲಿ ಅರ್ಧ ಗಂಟೆಯ ಮೇಲೆ ಮತ್ತೊಂದು ಬಸ್ಸಿನಿಂದ ಮತ್ತೊಬ್ಬ ಇಳಿದ: ಇಡಾಹೊ ಕಡೆಯವನು, ಹದಿನೆಂಟರವನು, ಎರಡು ಪೆಟ್ಟಿಗೆ. ಬಸ್ಸಿನ ಚಾಲಕನು ಸಕಾರಗಳನ್ನು ನುಂಗಿ, ಬಾಲಕ್ಕೊಂದು ‘ಪೊ’ ಹಚ್ಚಿ ಏನೋ ಕೂಗಿದ. ಹೊಸಬನು ಕಂಗಾಲಾಗಿ ಹುಡುಗನ ಮುಖ ನೋಡಿದ. ಪೆಟ್ಟಿಗೆಯನ್ನು ದಾರಿಯಿಂದ ಸರಿಸಬೇಕಂತೆ ಎಂದು ಹೇಳಿ, ಹುಡುಗನೇ ಬಾಗಿ ಅದನ್ನು ಎತ್ತಿಕೊಂಡ.