ಆರ್‌ಸಿಇಪಿ: ಹೊರಬಂದ ಮೇಲೂ ಮುಗಿಯದ ತಕರಾರು

ಮೈಸೂರು: ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆಯಿದೆ. ನೆರೆಯ ನಂಜನಗೂಡಿನ ಹಳ್ಳಿಗಳಲ್ಲಿ ಹಾಲಿನ ಡೇರಿಯೇ ಹಲವು ಮನೆಗಳ ಆಸರೆ. ಎರಡೂ ತಾಲ್ಲೂಕುಗಳ ಹಿತ 2019ರಲ್ಲಿ ಬ್ಯಾಂಕಾಕ್‌ನ ಒಂದೇ ಮಾತುಕತೆಗೆ ಗಂಟುಬಿದ್ದಿತ್ತು.

ಆಗ ಆಸಿಯಾನ್‌ನಲ್ಲಿದ್ದ 10 ರಾಷ್ಟ್ರಗಳ ಜೊತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಾಗೂ ಭಾರತ ಪರಸ್ಪರ ಸುಂಕ ತಗ್ಗಿಸಿಕೊಳ್ಳುವುದೇ ಆರ್‌ಸಿಇಪಿ ಒಪ್ಪಂದದ ಉದ್ದೇಶವಾಗಿತ್ತು. ಮಾತುಕತೆಗೆ 2012ರಲ್ಲಿ ಚಾಲನೆ ದೊರೆತಾಗ ಕೇಂದ್ರದಲ್ಲಿದ್ದುದು ಯುಪಿಎ ಸರ್ಕಾರ. 2019ರ ನವೆಂಬರ್ 4ರಂದು ಪ್ರಧಾನಿ ನರೇಂದ್ರ ಮೋದಿ, ಭಾರತ ಸೇರುವುದಿಲ್ಲವೆಂದು ಪ್ರಕಟಿಸಿದರು.

ನ್ಯೂಜಿಲೆಂಡ್‌ನ ಹಾಲಿನ ಪುಡಿ ಹೈನುಗಾರರಿಗೆ ಭೀತಿಯಾದರೆ, ರೇಷ್ಮೆ ಬೆಳೆಗಾರರಿಗೆ ಚೀನಾದ ಅನುಭವ ಮೊದಲೇ ಇತ್ತು. 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿ, 2013ರಲ್ಲಿ ಶೇ. 15ಕ್ಕೆ ಏರಿಸಬೇಕಾಯಿತು. ಒಪ್ಪಂದಕ್ಕೆ ಸಹಿ ಬಿದ್ದಿದ್ದರೆ ಹೀಗೆ ಏರಿಸುವ ಸ್ವಾತಂತ್ರ್ಯವೇ ಕುಗ್ಗುತ್ತಿತ್ತು.

ವಿಚಿತ್ರವೆಂದರೆ, ಹೊರಬಂದಾಗ ಎರಡೂ ಪಕ್ಷಗಳು ಕೀರ್ತಿಗಾಗಿ ಜಗ್ಗಾಡಿದವು. ತನ್ನ ಒತ್ತಡದ ಫಲವೆಂದು ಕಾಂಗ್ರೆಸ್, ಬಾಗಿಲು ತೆರೆದದ್ದೇ ಕಾಂಗ್ರೆಸ್ ಎಂದು ಬಿಜೆಪಿ! ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚ್ ಕೂಡ ಒಪ್ಪಂದವನ್ನು ವಿರೋಧಿಸಿತ್ತು.

ಉಳಿದ 15 ರಾಷ್ಟ್ರಗಳು 2020ರ ನವೆಂಬರ್ 15ರಂದು ಸಹಿ ಹಾಕಿದರೂ ಭಾರತಕ್ಕೆ ಬಾಗಿಲು ತೆರೆದೇ ಇಟ್ಟಿವೆ. ನಿಜವಾದ ಭಿನ್ನಮತ ಈಗ ಇಲ್ಲಿದೆ. ಭಾರತ ಸೇರಬೇಕೆಂದು ನೀತಿ ಆಯೋಗದ ಸಿಇಒ ಬಿ.ವಿ.ಆರ್. ಸುಬ್ರಹ್ಮಣ್ಯಂ 2024ರ ನವೆಂಬರ್‌ನಲ್ಲಿ ಹೇಳಿದರು; ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಅದೇ ವರ್ಷ ಆ ಸಾಧ್ಯತೆಯನ್ನು ತಳ್ಳಿಹಾಕಿದ್ದರು. ರಫ್ತು ಮಾಡುವ ಕಾರ್ಖಾನೆಗೆ ಮೊದಲನೆಯವರ ಮಾತು ಹಿತ, ಹಸು ಕಟ್ಟಿದವರಿಗೆ ಎರಡನೆಯವರದು.