ಐದು ಹೊತ್ತು ತೊಳೆಯುವ ಕಾಲಿಗೆ ಫಂಗಸ್ ಹೇಗೆ ಬಂತು?

ಕಳೆದ ವರ್ಷ ಶುಚಿತ್ವದ ಕುರಿತ ಜುಮಾ ಖುತ್ಬಾದ ಸಾರಾಂಶ ಈ ಪತ್ರಿಕೆಯಲ್ಲಿ ಪ್ರಕಟವಾಗಿ ಕೆಲವು ದಿನಗಳಾಗಿದ್ದವು. ಹುಣಸೂರಿನ ಹಿರಿಯರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಬಲಗಾಲಿನ ಹೆಬ್ಬೆರಳು ತೋರಿಸಿದರು. ಉಗುರು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ದಪ್ಪವಾಗಿ, ತುದಿಯಲ್ಲಿ ಪುಡಿಪುಡಿಯಾಗಿ ಉದುರುತ್ತಿತ್ತು. "ಜುಮಾಕ್ಕೆ ಮೊದ್ಲು ಉಗುರು ಕತ್ತರಿಸಿ ಅಂತ ಬರೀತೀರಿ. ಇದನ್ನ ಕತ್ತರಿಸೋಕೆ ಹೋಗಿ ಎರಡು ನೈಲ್ ಕಟರ್ ಹಾಳಾಯ್ತು" ಎಂದರು. ನಾವೂ ನಕ್ಕೆವು, ಅವರೂ ನಕ್ಕರು. ಆಮೇಲೆ ಅವರು ಹೇಳಿದ ಮಾತು ಕೇಳಿ ನಗು ನಿಂತಿತು. ಆರು ವರ್ಷಗಳಿಂದ ಸಫ್‌ನಲ್ಲಿ ನಿಲ್ಲುವಾಗ ಪಕ್ಕದವರ ಕಾಲಿಗೆ ತಮ್ಮ ಬೆರಳು ತಾಗದಿರಲೆಂದು ಬಲಗಾಲನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡೇ ನಿಲ್ಲುತ್ತಾರಂತೆ. ಮಗಳ ಮನೆಗೆ ಹೋದರೆ ಸಾಕ್ಸ್ ತೆಗೆಯುವುದಿಲ್ಲವಂತೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ.

ಅವರ ನಿಜವಾದ ಪ್ರಶ್ನೆ ಬೇರೆಯದೇ ಆಗಿತ್ತು. "ದಿನಕ್ಕೆ ಐದು ಸಲ ಕಾಲು ತೊಳೀತೀನಿ. ನನಗೆ ಹೆಂಗೆ ಬಂತು ಇದು?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸಾಕ್ಸ್ ಒಳಗೆ ಕಾಲು ಮುಚ್ಚಿಕೊಂಡಿರುವವರು ನಮ್ಮ ಓದುಗರಲ್ಲಿ ಇನ್ನೂ ಅನೇಕರಿರಬೇಕು.

ಉಗುರು ಕೆರಾಟಿನ್ ಎಂಬ ಗಟ್ಟಿ ಪದಾರ್ಥದಿಂದ ಆಗಿದೆ. ಕೂದಲು ಮತ್ತು ಚರ್ಮದ ಮೇಲ್ಪದರದಲ್ಲಿರುವುದೂ ಅದೇ. ಅದನ್ನೇ ತಿಂದು ಬದುಕುವ ಶಿಲೀಂಧ್ರಗಳಿವೆ. ಕಾಲಿನ ಉಗುರಿನಲ್ಲಿ ಜಗತ್ತಿನಾದ್ಯಂತ ಹೆಚ್ಚಾಗಿ ಸಿಗುವುದು ಟ್ರೈಕೋಫೈಟಾನ್ ರೂಬ್ರಮ್ ಎಂಬುದು. ಹಳೆಯ ರೊಟ್ಟಿಯ ಮೇಲೆ ಬರುವ ಬೂಷ್ಟಿನ ದೂರದ ನೆಂಟ ಎಂದುಕೊಳ್ಳಬಹುದು. ಇದು ನೇರವಾಗಿ ಉಗುರಿಗೆ ಬರುವುದು ಕಡಿಮೆ. ಮೊದಲು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ನೆಲೆ ಮಾಡುತ್ತದೆ. ಅಲ್ಲಿ ಚರ್ಮ ಬೆಳ್ಳಗೆ ನೆನೆದಂತಾಗಿ, ಬಿರುಕು ಬಿಟ್ಟು, ತುರಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದನ್ನು ಕೆಸರು ಹುಣ್ಣು ಎಂದು ಹೇಳಿ ಬಿಟ್ಟುಬಿಡುತ್ತೇವೆ. ಹೀಗೆ ಬಿಟ್ಟ ತುರಿಕೆಯಿಂದಲೇ ಫಂಗಸ್ ಉಗುರಿನ ತುದಿಯ ಕೆಳಗೆ ನುಸುಳಿ ನಿಧಾನವಾಗಿ ಬುಡದ ಕಡೆಗೆ ಸಾಗುತ್ತದೆ. ನೋವಿಲ್ಲದ ಕಾರಣ ವರ್ಷಗಟ್ಟಲೆ ಯಾರೂ ಗಮನ ಕೊಡುವುದಿಲ್ಲ.

ಇದಕ್ಕೆ ಬೇಕಾಗಿರುವುದು ತೇವ, ಬಿಸಿ ಮತ್ತು ಕತ್ತಲೆ. ನಮ್ಮ ನಾಲ್ಕು ತಾಲ್ಲೂಕುಗಳ ಬದುಕು ಇವೆಲ್ಲವನ್ನೂ ಧಾರಾಳವಾಗಿ ಕೊಡುತ್ತದೆ. ಕೆ.ಆರ್. ನಗರದ ಕಾವೇರಿ ನಾಲೆಯ ಗದ್ದೆಗಳಲ್ಲಿ ನಾಟಿಯ ಕಾಲದಲ್ಲಿ ದಿನವಿಡೀ ಕಾಲು ನೀರಿನಲ್ಲಿರುತ್ತದೆ. ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಕಡೆ ಶುಂಠಿ ಕಿತ್ತು ತೊಳೆಯುವವರು ಗಂಟೆಗಟ್ಟಲೆ ಕೆಸರಿನಲ್ಲಿ ನಿಲ್ಲುತ್ತಾರೆ. ಹುಣಸೂರಿನಲ್ಲಿ ಮೀನು, ಮಾಂಸದ ಅಂಗಡಿಯವರ ನೆಲ ಒಣಗುವುದೇ ಇಲ್ಲ. ಗ್ಯಾರೇಜಿನ ಹುಡುಗರು, ಲಾರಿ ಡ್ರೈವರ್‌ಗಳು ಬೆಳಗ್ಗೆ ಹಾಕಿದ ಬೂಟನ್ನು ರಾತ್ರಿ ಬಿಚ್ಚುತ್ತಾರೆ. ಹುಣಸೂರಿಗೂ ಬೂಟಿಗೂ ಹಳೆಯ ನಂಟಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆ ಇದ್ದ ಊರು ಇದು. ಚರ್ಮದ ಬೂಟಾದರೂ ಸ್ವಲ್ಪ ಗಾಳಿಯಾಡಲು ಬಿಡುತ್ತದೆ. ಈಗ ಸಂತೆಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಶೂಗಳೊಳಗೆ ಬೆವರು ಎಲ್ಲಿಗೂ ಹೋಗಲಾರದು. ಪಾತ್ರೆ, ಬಟ್ಟೆ ಎಂದು ದಿನದ ಅರ್ಧ ನೀರಿನಲ್ಲೇ ಕಳೆಯುವ ನಮ್ಮ ಅಮ್ಮಂದಿರ, ಆಪಾಗಳ ಕಾಲುಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ವುಝೂ? ವುಝೂವಿನಿಂದ ಫಂಗಸ್ ಬರುವುದಿಲ್ಲ. ಆದರೆ ಬರಿಯ ನೀರಿನಿಂದ ಫಂಗಸ್ ಸಾಯುವುದೂ ಇಲ್ಲ. ತೊಂದರೆ ಇರುವುದು ತೊಳೆದ ನಂತರದ ಎರಡು ನಿಮಿಷದಲ್ಲಿ. ಜಮಾಅತ್ ತಪ್ಪೀತೆಂಬ ಅವಸರದಲ್ಲಿ ಒದ್ದೆ ಕಾಲಿಗೇ ಸಾಕ್ಸ್ ಏರಿಸುತ್ತೇವೆ, ಅಥವಾ ನಮಾಝ್ ಮುಗಿಸಿ ಬೆರಳ ಸಂದಿಯ ತೇವದೊಂದಿಗೇ ಶೂ ಹಾಕಿಕೊಂಡು ಅಂಗಡಿಗೆ ಓಡುತ್ತೇವೆ. ಝುಹರ್‌ನ ತೇವ ಆರುವ ಮೊದಲೇ ಅಸರ್ ಬರುತ್ತದೆ. ಕಾಲ್ಬೆರಳುಗಳ ಸಂದಿಯಲ್ಲಿ ಬೆರಳಾಡಿಸಿ ತೊಳೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಿರುಬೆರಳಿನಿಂದ ಹಾಗೆ ಉಜ್ಜುತ್ತಿದ್ದುದನ್ನು ಕಂಡವರ ವರದಿಯೂ ಹದೀಸ್‌ನಲ್ಲಿದೆ. ಖಿಲಾಲ್ ಎಂದು ನಾವು ಮದರಸಾದಲ್ಲಿ ಕಲಿತದ್ದು ಅದನ್ನೇ. ಸಂದಿಯನ್ನು ಅಷ್ಟು ಕಾಳಜಿಯಿಂದ ತೊಳೆಯುವ ನಾವು ಅಷ್ಟೇ ಕಾಳಜಿಯಿಂದ ಒರೆಸಿದರೆ ಅರ್ಧ ಕೆಲಸ ಮುಗಿಯಿತು. ಜೇಬಿನಲ್ಲಿ ಕಾಲಿಗೆಂದೇ ಒಂದು ಚಿಕ್ಕ ಹತ್ತಿ ಬಟ್ಟೆ ಇರಲಿ. ಮಸೀದಿಯಲ್ಲಿ ಎಲ್ಲರಿಗೂ ನೇತುಹಾಕಿರುವ ಟವೆಲ್ ಕಾಲಿಗೆ ಬೇಡ. ವುಝೂ ಖಾನೆಯ ಸಾಮೂಹಿಕ ಚಪ್ಪಲಿಗಳ ಬಗ್ಗೆಯೂ ಒಂದು ಮಾತು. ಅವು ಸದಾ ಒದ್ದೆಯಾಗಿರುತ್ತವೆ, ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಫಂಗಸ್ ದಾಟಲು ಅವೇ ಸೇತುವೆ. ವಾರಕ್ಕೊಮ್ಮೆ ತೊಳೆದು ಬಿಸಿಲಿಗೆ ಒಣಗಿಸಿದರೂ ದೊಡ್ಡ ಉಪಕಾರ. ಮಸೀದಿ ಕಮಿಟಿಗಳು ಇದನ್ನು ಗಮನಿಸಲಿ. ಅಂದಹಾಗೆ, ಪಕ್ಕದಲ್ಲಿ ನಿಂತು ಕಾಲು ತಾಗಿದ ಮಾತ್ರಕ್ಕೆ ಈ ರೋಗ ಅಂಟುವ ಭಯ ಬಹಳ ಕಡಿಮೆ. ನಮ್ಮ ಹಿರಿಯರು ಆರು ವರ್ಷ ಕಾಲು ಎಳೆದುಕೊಂಡು ನಿಲ್ಲುವ ಅಗತ್ಯವಿರಲಿಲ್ಲ.

ಈಗ ಚಿಕಿತ್ಸೆಯ ವಿಷಯ. ಇಲ್ಲಿ ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಹಳದಿಯಾದ ಉಗುರೆಲ್ಲ ಫಂಗಸ್ ಅಲ್ಲ. ಕೆಟ್ಟು ದಪ್ಪಗಾದ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದವು ಸೋರಿಯಾಸಿಸ್ ಆಗಿರಬಹುದು, ಬಿಗಿ ಶೂ ಒತ್ತಿ ಆದದ್ದಿರಬಹುದು, ಎಂದೋ ಕಲ್ಲು ಬಿದ್ದ ಪೆಟ್ಟಿನದ್ದಿರಬಹುದು, ವಯಸ್ಸಿನದ್ದೂ ಇರಬಹುದು. ಇದನ್ನು ತಿಳಿಯಲು ಸರಳ ಪರೀಕ್ಷೆಯಿದೆ. ಉಗುರಿನ ತುಂಡನ್ನೂ ಅದರ ಅಡಿಯ ಪುಡಿಯನ್ನೂ ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಲ್ಯಾಬಿನವರು ಕೆ.ಓ.ಎಚ್. ಎನ್ನುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಮೊದಲು ಈ ಪರೀಕ್ಷೆ ಮಾಡಿಸಿ ಎಂದು ನೀವೇ ವೈದ್ಯರನ್ನು ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮರೋಗ ವೈದ್ಯರು ಸಿಗುವ ದಿನ ವಿಚಾರಿಸಿ. ಸಿಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗ ಇದೆ. ಹೋಗುವಾಗ ಉಗುರಿಗೆ ಬಣ್ಣ, ಮೆಹಂದಿ ಹಚ್ಚಿಕೊಂಡು ಹೋಗಬೇಡಿ, ಹಿಂದಿನ ರಾತ್ರಿ ಬುಡದವರೆಗೆ ಕತ್ತರಿಸಿಯೂ ಹೋಗಬೇಡಿ. ಕೆರೆಯಲು ಏನೂ ಉಳಿದಿರುವುದಿಲ್ಲ. ನಮ್ಮಲ್ಲಿ ದಾದಿ, ನಾನಿಯರು ಕೆಟ್ಟ ಉಗುರಿಗೆ ಮೆಹಂದಿ ಹಚ್ಚುವುದು ರೂಢಿ. ಅದು ವುಝೂವಿಗೆ ಅಡ್ಡಿಯಲ್ಲ ನಿಜ, ಆದರೆ ಅದರಿಂದ ರೋಗ ಹೋಗುವುದಿಲ್ಲ, ಬಣ್ಣದ ಕೆಳಗೆ ಅಡಗುತ್ತದೆ ಅಷ್ಟೇ.

ಎರಡನೆಯ ತಪ್ಪಿನಲ್ಲಿ ನಾವೂ ಪಾಲುದಾರರು. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಹುಡುಗನಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿಯಾಯಿತು. ಔಷಧಿ ಅಂಗಡಿಯೊಂದರಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲವೆಂದು ಅದನ್ನೇ ಮನೆಮಂದಿಯೆಲ್ಲ ಕಾಲಿನ ಸಂದಿಗೂ ಹಚ್ಚಿಕೊಂಡೆವು. ಬಿಟ್ಟ ವಾರಕ್ಕೆ ಎರಡು ಪಟ್ಟು ಅಗಲವಾಗಿ ಮರಳಿತು. ಆಮೇಲೆ ಚರ್ಮವೈದ್ಯರು ಟ್ಯೂಬ್ ತಿರುಗಿಸಿ ಅದರಲ್ಲಿದ್ದ ಸ್ಟೀರಾಯ್ಡ್ ಹೆಸರು ತೋರಿಸಿದರು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಆ ಹೊತ್ತಿನಲ್ಲಿ ಫಂಗಸ್ ನೆಮ್ಮದಿಯಿಂದ ಬೆಳೆಯುತ್ತದೆ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ವೈದ್ಯರ ಮಾತಿಲ್ಲದೆ ಹಚ್ಚಬೇಡಿ. ಇಂಥ ಮುಲಾಮುಗಳ ದುರ್ಬಳಕೆ ಎಷ್ಟು ಹೆಚ್ಚಿತೆಂದರೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು.

ಉಗುರಿನ ಫಂಗಸ್‌ಗೆ ಮುಲಾಮು ಒಂದೇ ಸಾಲುವುದು ಅಪರೂಪ, ಏಕೆಂದರೆ ದಪ್ಪ ಉಗುರನ್ನು ದಾಟಿ ಅದು ಕೆಳಗಿಳಿಯಲಾರದು. ಹೆಚ್ಚಾಗಿ ಕೊಡುವುದು ಟರ್ಬಿನಾಫಿನ್ ಮಾತ್ರೆ. ದೊಡ್ಡವರಿಗೆ ದಿನಕ್ಕೆ 250 ಮಿಲಿಗ್ರಾಂ, ಕಾಲಿನ ಉಗುರಿಗೆ ಸಾಮಾನ್ಯವಾಗಿ 12 ವಾರ. ಇನ್ನೊಂದು ಇಟ್ರಾಕೊನಜೋಲ್, ತಿಂಗಳಿಗೆ ಒಂದು ವಾರದಂತೆ ಮೂರು ತಿಂಗಳು ಕೊಡುವುದುಂಟು. ಎರಡೂ ಲಿವರ್ ಮೂಲಕ ಹೋಗುವ ಔಷಧಿಗಳು. ಆದ್ದರಿಂದ ಮೊದಲೇ ಲಿವರ್‌ನ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ನಡೆಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಟರ್ಬಿನಾಫಿನ್‌ನಿಂದ ಕೆಲವರಿಗೆ ಬಾಯಿರುಚಿ ಕೆಡುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಇಟ್ರಾಕೊನಜೋಲ್ ಆಗದು. ಕೊಲೆಸ್ಟರಾಲ್ ಮಾತ್ರೆ ನುಂಗುವವರು ಅದನ್ನು ಮುಚ್ಚಿಡದೆ ಹೇಳಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು ಉಗುರಿಗಾಗಿ ಈ ಮಾತ್ರೆಗಳ ತಂಟೆಗೆ ಹೋಗುವುದು ಬೇಡ, ಉಗುರು ಕಾಯಬಲ್ಲದು. ರಮಝಾನ್ ನಡುವೆ ಬಂದರೆ ಚಿಕಿತ್ಸೆ ಕಡಿಯಬೇಕಿಲ್ಲ. ಟರ್ಬಿನಾಫಿನ್ ದಿನಕ್ಕೊಂದೇ ಮಾತ್ರೆ, ಇಫ್ತಾರ್ ನಂತರ ತೆಗೆದುಕೊಳ್ಳಬಹುದು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಹೊಟ್ಟೆ ತುಂಬಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಸರಿಯಾಗಿ ಹಿಡಿಯುವುದಿಲ್ಲ.

ಉಗುರಿಗೆ ಬಣ್ಣದಂತೆ ಬಳಿಯುವ ಔಷಧಿಯೂ ಇದೆ. ಅಮೊರೊಲ್ಫಿನ್, ಸೈಕ್ಲೋಪಿರಾಕ್ಸ್ ಎಂಬ ಹೆಸರಿನವು. ರೋಗ ತುದಿಯಲ್ಲಷ್ಟೇ ಇದ್ದಾಗ, ಅಥವಾ ಮಾತ್ರೆ ಒಗ್ಗದವರಿಗೆ ಇವನ್ನು ಬರೆಯುತ್ತಾರೆ. ನಮ್ಮವರಿಗೆ ತೊಡಕಾಗುವುದು ಇಲ್ಲಿ. ಇವು ಉಗುರಿನ ಮೇಲೆ ಪೊರೆಯಾಗಿ ಕೂರುತ್ತವೆ, ನೈಲ್ ಪಾಲಿಶ್‌ನಂತೆಯೇ. ಹಾಗಿದ್ದರೆ ವುಝೂ ಆಗುತ್ತದೆಯೇ ಎಂಬ ಅನುಮಾನದಲ್ಲಿ ಕೆಲವರು ಔಷಧಿ ಬಿಡುತ್ತಾರೆ, ಕೆಲವರು ಸುಮ್ಮನೆ ಕಳವಳಪಡುತ್ತಾರೆ. ಗಾಯದ ಪಟ್ಟಿಯ ಮೇಲೆ ಮಸಹ್ ಮಾಡುವ ರಿಯಾಯಿತಿ ನಮ್ಮ ಫಿಕ್ಹ್‌ನಲ್ಲಿದೆ. ಈ ಔಷಧಿ ಆ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ, ವೈದ್ಯರ ಚೀಟಿ ತೋರಿಸಿಯೇ ಕೇಳಿ. ಅದಕ್ಕೂ ಮೊದಲು ವೈದ್ಯರಿಗೇ ಹೇಳಿ, "ದಿನಕ್ಕೆ ಐದು ಬಾರಿ ಈ ಉಗುರಿಗೆ ನೀರು ತಾಗಬೇಕು." ಪೊರೆ ಕಟ್ಟದ ಔಷಧಿಯನ್ನೋ ಮಾತ್ರೆಯನ್ನೋ ಅವರು ಆರಿಸಬಹುದು. ಕೇಳದೆ ಮನೆಯಲ್ಲೇ ತೀರ್ಮಾನಿಸಿ ಔಷಧಿಯನ್ನೋ ನಮಾಝನ್ನೋ ಬಿಡುವುದು ಎರಡೂ ತಪ್ಪು.

ಇನ್ನು ತಾಳ್ಮೆಯ ಲೆಕ್ಕ. ಹೆಬ್ಬೆರಳ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ವಯಸ್ಸಾದವರಿಗೆ ಇನ್ನೂ ನಿಧಾನ. ಮಾತ್ರೆಯಿಂದ ಕೆಟ್ಟ ಉಗುರು ರಿಪೇರಿಯಾಗುವುದಿಲ್ಲ. ಅದು ಬುಡದಿಂದ ಹೊಸದಾಗಿ ಬರುವ ಉಗುರನ್ನು ಕಾಯುತ್ತದೆ. ಹಳೆಯದು ಮುಂದಕ್ಕೆ ತಳ್ಳಿಕೊಂಡು ಹೋಗಿ ಪೂರ್ತಿ ಕತ್ತರಿಸಿ ಹೋಗಲು 12ರಿಂದ 18 ತಿಂಗಳು ಬೇಕು. ಎರಡನೆಯ ತಿಂಗಳಲ್ಲಿ ಕಣ್ಣಿಗೆ ಏನೂ ಕಾಣದೆ "ಔಷಧಿ ಹಿಡೀಲಿಲ್ಲ" ಎಂದು ಬಿಟ್ಟವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಪೂರ್ತಿ ತೆಗೆದುಕೊಂಡರೂ ಎಲ್ಲರಿಗೂ ಗುಣವಾಗುವುದಿಲ್ಲ, ಗುಣವಾದವರಿಗೂ ಮರಳಿ ಬರುವುದುಂಟು ಎಂಬುದನ್ನೂ ಮುಚ್ಚಿಡಬಾರದು. ಅದಕ್ಕೇ ಬೆರಳ ಸಂದಿಯ ತುರಿಕೆಗೆ ಬೇರೆಯಾಗಿ ಮುಲಾಮು ಹಚ್ಚಬೇಕು, ಹಳೆಯ ಸಾಕ್ಸ್‌ಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು, ಎರಡು ಜೊತೆ ಶೂ ಇಟ್ಟುಕೊಂಡು ಒಂದನ್ನು ಬಿಸಿಲಿಗೆ ಒಣಗಲು ಬಿಡಬೇಕು, ಮನೆಯಲ್ಲಿ ಯಾರಿಗೆ ತುರಿಕೆಯಿದ್ದರೂ ಒಟ್ಟಿಗೆ ಚಿಕಿತ್ಸೆ ಮಾಡಿಸಬೇಕು. ಕೆಟ್ಟ ಉಗುರಿಗೆ ನೈಲ್ ಕಟರ್ ಬೇರೆಯೇ ಇರಲಿ. ಬೆಳ್ಳುಳ್ಳಿ ಅರೆದು ಕಟ್ಟುವುದು, ಸೀಮೆಎಣ್ಣೆ, ಬ್ಯಾಟರಿ ನೀರು ಹಾಕುವುದು, ಇವುಗಳಿಂದ ಚರ್ಮ ಸುಡುತ್ತದೆ, ಫಂಗಸ್ ಹೋಗುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇದು ಅಂದಚಂದದ ಪ್ರಶ್ನೆಯಲ್ಲ. ದಪ್ಪ ಉಗುರು ಶೂ ಒಳಗೆ ಪಕ್ಕದ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ, ಸಂದಿಯ ಬಿರುಕಿನಿಂದ ಕೀವು ಒಳಹೊಗುತ್ತದೆ. ಕಾಲಿನ ಸ್ಪರ್ಶ ಕಡಿಮೆಯಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂಥವರು ತಾವೇ ಬ್ಲೇಡಿನಿಂದ ಉಗುರು ಕೆತ್ತಬಾರದು. ಬಿಸಿನೀರಿಗೆ ಕಾಲಿಡುವ ಮೊದಲು ಬೇರೆಯವರಿಂದ ಬಿಸಿ ನೋಡಿಸಬೇಕು. ಇಶಾ ನಂತರ ಮಗನೋ ಮೊಮ್ಮಗಳೋ ಅಬ್ಬಾರ ಅಂಗಾಲು, ಬೆರಳ ಸಂದಿಗಳನ್ನು ಬೆಳಕಿನಲ್ಲಿ ಒಮ್ಮೆ ನೋಡಲಿ. ಕಾಲು ಕೆಂಪಾಗಿ ಊದಿದರೆ, ಬಿಸಿಯಾದರೆ, ಜ್ವರ ಬಂದರೆ ಮರುದಿನಕ್ಕೆ ಕಾಯಬೇಡಿ. ಉಗುರಿನ ಜೊತೆ ಕಾಲಿನಲ್ಲಿ ಸ್ಪರ್ಶವಿಲ್ಲದ ಮಚ್ಚೆಯೇನಾದರೂ ಇದ್ದರೆ ಅದನ್ನೂ ವೈದ್ಯರಿಗೆ ತೋರಿಸಿ, ಅದು ಬೇರೆಯೇ ಕಾಯಿಲೆ ಇರಬಹುದು.

ನಮ್ಮ ಹುಣಸೂರಿನ ಹಿರಿಯರಿಗೆ ಪರೀಕ್ಷೆಯಲ್ಲಿ ಫಂಗಸ್ ಎಂದೇ ಬಂತು. ಲಿವರ್ ಸರಿಯಿತ್ತು, ಸಕ್ಕರೆ ಮಾತ್ರ ಏರಿತ್ತು. ಅದನ್ನು ಹಿಡಿತಕ್ಕೆ ತಂದುಕೊಂಡೇ ಮೂರು ತಿಂಗಳ ಮಾತ್ರೆ ಮುಗಿಸಿದರು. ಮಾತ್ರೆ ಶುರುವಾಗಿ ಐದು ತಿಂಗಳಾದಾಗ ಉಗುರಿನ ಬುಡದಲ್ಲಿ ಅಕ್ಕಿ ಕಾಳಿನಷ್ಟು ಅಗಲದ ತಿಳಿ ಗುಲಾಬಿ ಪಟ್ಟಿ ಕಾಣಿಸಿತು. ಮುಂದಿನದೆಲ್ಲ ಇನ್ನೂ ಹಳದಿಯೇ. ಮೊನ್ನೆ ಜುಮಾ ಮುಗಿದ ಮೇಲೆ ಜೇಬಿನಿಂದ ಕಾಲೊರೆಸುವ ಬಟ್ಟೆ ತೆಗೆದು ತೋರಿಸುತ್ತಾ, "ಮೊಮ್ಮಗಳು ಹೊಲಿದುಕೊಟ್ಟಳು, ಎರಡಿದೆ, ಒಂದು ಒಗೆಯೋಕೆ" ಎಂದರು.