ಜಾಲ ಸಾಧನಗಳು ಹಾಗೂ ಸರ್ವರ್‌ಗಳ ನಿಗಾ ವ್ಯವಸ್ಥೆ: ವಿವರಣಾ ಟಿಪ್ಪಣಿ

ವಿಷಯ: ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಕಚೇರಿಗಳ ಗಣಕ ಜಾಲದ ಮೇಲೆ ನಿಗಾ ಇಡುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಚೇರಿಗಳ ಗಣಕ ಜಾಲವನ್ನು ನೋಡಿಕೊಳ್ಳುವ ಅಧಿಕಾರಿ ಹಾಗೂ ಸಿಬ್ಬಂದಿಯವರ ತಿಳಿವಳಿಕೆಗಾಗಿ ಈ ಟಿಪ್ಪಣಿಯನ್ನು ನೀಡಲಾಗಿದೆ.

ನಮೂನೆ-9 ಅಥವಾ 11ಬಿ ಪಡೆಯಲು ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ "ಸರ್ವರ್ ಇಲ್ಲ" ಎಂಬ ಉತ್ತರ ದೊರೆಯುವುದು ಎಲ್ಲರಿಗೂ ತಿಳಿದ ಸಂಗತಿ. ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳ ಸರ್ವರ್‌ಗಳು ರಾಜ್ಯ ಮಟ್ಟದಲ್ಲಿವೆ. ಆದರೆ ಅವುಗಳಿಗೂ ಕೌಂಟರಿಗೂ ನಡುವೆ ಸ್ವಿಚ್, ರೂಟರ್, ಯು.ಪಿ.ಎಸ್., ಫೈಬರ್ ತಂತಿ ಎಲ್ಲವೂ ಇವೆ. ಇವುಗಳಲ್ಲಿ ಯಾವುದು ನಿಂತರೂ ಕೌಂಟರಿನಲ್ಲಿ ಕಾಣುವ ಲಕ್ಷಣ ಒಂದೇ. ಆದುದರಿಂದ "ಸರ್ವರ್ ಇಲ್ಲ" ಎಂಬುದು ದೋಷದ ವಿವರವಲ್ಲ. ದೋಷ ಎಲ್ಲಿದೆ ಎಂದು ಹೇಳುವುದೇ ನಿಗಾ ವ್ಯವಸ್ಥೆಯ ಕೆಲಸ.

ಜ್ಯಾಬಿಕ್ಸ್, ನಾಗಿಯೋಸ್ ಕೋರ್ ಮುಂತಾದ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಸಾಧಾರಣ ಗಣಕಯಂತ್ರವೊಂದರಲ್ಲೇ ನಡೆಯುತ್ತವೆ. ಇವು ಮುಖ್ಯವಾಗಿ ಎರಡು ಬಗೆಯಲ್ಲಿ ವಿಚಾರಿಸುತ್ತವೆ. ಪಿಂಗ್ ಎಂಬುದು "ಇದ್ದೀಯಾ?" ಎಂಬ ಸರಳ ಪ್ರಶ್ನೆ. ಎಸ್.ಎನ್.ಎಂ.ಪಿ. ಎಂಬುದು ಸಾಧನದ ಒಳಸ್ಥಿತಿಯನ್ನು, ಅಂದರೆ ಯಾವ ಪೋರ್ಟ್ ಚಾಲನೆಯಲ್ಲಿದೆ, ಎಷ್ಟು ದತ್ತಾಂಶ ಸಾಗುತ್ತಿದೆ, ಡಿಸ್ಕ್ ಎಷ್ಟು ತುಂಬಿದೆ ಎಂಬುದನ್ನು ಕೇಳುವ ಕ್ರಮ. ಇದರ ಹಳೆಯ ಆವೃತ್ತಿಗಳಲ್ಲಿ ಗುಪ್ತಪದವು ಬಯಲಾಗಿಯೇ ಸಾಗುತ್ತದೆ. ಅನೇಕ ಸಾಧನಗಳಲ್ಲಿ ಅದು "ಪಬ್ಲಿಕ್" ಎಂದೇ ಇರುತ್ತದೆ. ಸಾಧನಕ್ಕೆ ಸಾಧ್ಯವಿದ್ದಲ್ಲಿ 3ನೇ ಆವೃತ್ತಿಯನ್ನೇ, ಗೂಢಲಿಪೀಕರಣ ಸಹಿತ, ಬಳಸತಕ್ಕದ್ದು.

ಒಂದು ಉದಾಹರಣೆ. ಕುಣಿಗಲ್ ಕಚೇರಿಯ ರೂಟರ್ ನಿಂತಿತೆಂದು ಭಾವಿಸೋಣ. ಅದರ ಹಿಂದಿರುವ ಸ್ವಿಚ್, ಮುದ್ರಣಯಂತ್ರ, ಕಡತಗಳ ಸರ್ವರ್ ಎಲ್ಲವೂ ತುಮಕೂರಿನ ಪರದೆಯ ಮೇಲೆ ಒಮ್ಮೆಲೇ ಕೆಂಪಾಗುತ್ತವೆ. ಹತ್ತಾರು ಸಂದೇಶಗಳು ಬರುತ್ತವೆ. ಸ್ವಿಚ್ ರೂಟರನ್ನು, ಸರ್ವರ್ ಸ್ವಿಚ್ಚನ್ನು ಅವಲಂಬಿಸಿದೆ ಎಂದು ಮೊದಲೇ ನಮೂದಿಸಿದ್ದರೆ ರೂಟರಿನ ಒಂದೇ ಸಂದೇಶ ಬರುತ್ತದೆ. ಈ ನಮೂದನ್ನು ಮುಂದಿನ ವಾರಕ್ಕೆಂದು ಬಿಟ್ಟರೆ ಅದು ಆಗುವುದೇ ಇಲ್ಲ. ಸಂದೇಶಗಳ ಸುರಿಮಳೆಗೆ ಬೇಸತ್ತ ಸಿಬ್ಬಂದಿ ತಿಂಗಳೊಳಗೆ ಅವುಗಳನ್ನು ನೋಡುವುದನ್ನೇ ಬಿಡುತ್ತಾರೆ.

ಯು.ಪಿ.ಎಸ್.ಗೂ ನಿಗಾ ಅವಶ್ಯ; ಖರೀದಿಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಅದರ ಜಾಲ ಕಾರ್ಡ್. "ಬ್ಯಾಟರಿಯ ಮೇಲೆ ನಡೆಯುತ್ತಿದೆ" ಎಂಬ ಸೂಚನೆ ಗುಬ್ಬಿಯಿಂದ ಮೊದಲೇ ಬಂದಿದ್ದರೆ, ಅನಂತರ ರೂಟರ್ ಮೌನವಾದಾಗ ಕರೆ ಮಾಡಬೇಕಾದುದು ಬೆಸ್ಕಾಂಗೆ. ಬಾರದಿದ್ದರೆ ಸಂಪರ್ಕ ಒದಗಿಸುವವರಿಗೆ. ಗುಬ್ಬಿ ತುಮಕೂರಿನ ಪಶ್ಚಿಮಕ್ಕೆ, ಕುಣಿಗಲ್ ದಕ್ಷಿಣಕ್ಕೆ. ಇರುವ ಒಬ್ಬ ತಂತ್ರಜ್ಞರು ವೃಥಾ ಒಂದು ದಿಕ್ಕಿಗೆ ಹೊರಟರೆ ಇನ್ನೊಂದು ಕಡೆಯ ಸರತಿ ಸಾಲು ಅಲ್ಲಿಯೇ ನಿಲ್ಲುತ್ತದೆ.

ಪ್ರತಿ ನಿಮಿಷಕ್ಕೊಮ್ಮೆ ಪಿಂಗ್ ಮಾಡಿ, ಸತತ ಮೂರು ಬಾರಿ ಉತ್ತರ ಬಾರದಿದ್ದಲ್ಲಿ ಮಾತ್ರ ಸಂದೇಶ ಕಳುಹಿಸುವುದು ಸೂಕ್ತ. ಗುಡುಗು ಮಳೆಯ ಸಂಜೆಗಳಲ್ಲಿ ಕ್ಷಣಕಾಲದ ಏರುಪೇರು ಸಹಜ. ಡಿಸ್ಕ್ ಶೇ. 80 ತುಂಬಿದಾಗ ಎಚ್ಚರಿಕೆ, ಶೇ. 90ಕ್ಕೆ ತುರ್ತು ಸಂದೇಶ ಸಾಕು.

ನಿಗಾ ಯಂತ್ರವೇ ನಿಂತರೆ? ಆಗ ಪರದೆ ಶಾಂತವಾಗಿರುತ್ತದೆ, ಎಲ್ಲವೂ ಸರಿಯಿದೆ ಎನಿಸುತ್ತದೆ. ಆದ್ದರಿಂದ ತುಮಕೂರಿನ ಯಂತ್ರವನ್ನು ಗುಬ್ಬಿಯ ಒಂದು ಗಣಕವು ವಿಚಾರಿಸುತ್ತಿರಬೇಕು. ಅದರ ಸಂದೇಶವು ತುಮಕೂರಿನ ಮೂಲಕವಲ್ಲದೆ ನೇರವಾಗಿ ಮೊಬೈಲಿಗೆ ತಲುಪಬೇಕು.

ಸರ್ಟ್-ಇನ್ ಸಂಸ್ಥೆಯು 28-04-2022ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ: ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು, ನಿಗದಿತ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಿರಬೇಕು. ಮೂರು ಊರುಗಳ ಗಡಿಯಾರಗಳು ಹೊಂದದಿದ್ದರೆ ಯಾವುದು ಮೊದಲು ನಿಂತಿತೆಂದು ಹೇಳಲಾಗದು.

ಸಂದೇಶ ಸ್ವೀಕರಿಸುವವರ ಹೆಸರನ್ನು, ಅವರು ರಜೆಯಲ್ಲಿದ್ದಾಗ ಬದಲಿ ಯಾರೆಂಬುದನ್ನು ಪ್ರತಿ ಕಚೇರಿಯೂ ಲಿಖಿತವಾಗಿ ಗೊತ್ತುಪಡಿಸತಕ್ಕದ್ದು. ವ್ಯವಸ್ಥೆ ಸ್ಥಾಪಿಸಿದ ಮೊದಲ ವಾರದಲ್ಲೇ, ಕಚೇರಿ ವೇಳೆ ಮುಗಿದ ಬಳಿಕ, ಒಂದು ಸ್ವಿಚ್ಚಿನ ವಿದ್ಯುತ್ ಸಂಪರ್ಕ ತೆಗೆದು, ಸಂದೇಶವು ಯಾರ ಮೊಬೈಲಿಗೆ ಎಷ್ಟು ನಿಮಿಷದಲ್ಲಿ ತಲುಪಿತೆಂಬುದನ್ನು ವಹಿಯಲ್ಲಿ ದಾಖಲಿಸತಕ್ಕದ್ದು.